ಅಗ್ಗದ ವಿಂಡೋಸ್ ಮತ್ತು ಆಫೀಸ್ ಕೀಗಳು: ಕೊಳ್ಳುವ ಮೊದಲು ಪರಿಶೀಲಿಸುವ ಕ್ರಮ

ಆನ್‌ಲೈನ್ ಮಳಿಗೆಗಳಲ್ಲಿ ‘ವಿಂಡೋಸ್ 11 ಪ್ರೊ ಕೀ’ ಎಂದು ಹುಡುಕಿದವರಿಗೆ ಮುನ್ನೂರು, ಐನೂರು, ಎಂಟುನೂರು ರೂಪಾಯಿಯ ಹತ್ತಾರು ಕೊಡುಗೆಗಳು ಎದುರಾಗುತ್ತವೆ. ಕೀ ಎಂದರೆ ತಂತ್ರಾಂಶವನ್ನು ಆಕ್ಟಿವೇಟ್ ಮಾಡಲು ಟೈಪ್ ಮಾಡುವ ಅಕ್ಷರ ಮತ್ತು ಅಂಕಿಗಳ ಸಾಲು. ಒಂದೊಂದರ ಮೇಲೂ ‘ಲೈಫ್‌ಟೈಮ್’, ‘ಒರಿಜಿನಲ್’, ‘ಜೆನ್ಯೂಯಿನ್’ ಎಂಬ ಮಾತು ಇದ್ದೇ ಇರುತ್ತದೆ. ಇದೇ ವಿಂಡೋಸ್ 11 ಅನ್ನು ಮೈಕ್ರೋಸಾಫ್ಟ್ ಅಮೆರಿಕದಲ್ಲಿ ಹೋಮ್ ಆವೃತ್ತಿಗೆ 139 ಡಾಲರ್, ಪ್ರೊ ಆವೃತ್ತಿಗೆ 199 ಡಾಲರ್ ಬೆಲೆಯಿಟ್ಟು ಮಾರುತ್ತ ಬಂದಿದೆ. ಭಾರತದಲ್ಲಿಯೂ ಅದು ಐದಂಕಿಯ ಬಾಬತ್ತು. ಇಷ್ಟು ಕಡಿಮೆ ಬೆಲೆಯ ಕೀ ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಬಹಳ ಸಲ ಮಾಡುತ್ತದೆ. ತೊಡಕು ಇರುವುದೂ ಅಲ್ಲಿಯೇ, ಏಕೆಂದರೆ ಕಂಪ್ಯೂಟರ್ ಆ ಕೀಯನ್ನು ಒಪ್ಪಿಕೊಳ್ಳುವುದು ಬೇರೆ, ಆ ತಂತ್ರಾಂಶವನ್ನು ಬಳಸುವ ಹಕ್ಕು ನಮ್ಮದಾಗುವುದು ಬೇರೆ. ಇನ್ನೊಬ್ಬರ ಹೆಸರಿನ ಬಸ್ ಪಾಸನ್ನು ಕಂಡಕ್ಟರ್ ಸರಿಯಾಗಿ ನೋಡದೆ ಬಿಟ್ಟ ಮಾತ್ರಕ್ಕೆ ಅದು ನಮ್ಮ ಪಾಸ್ ಆಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಬಳಕೆದಾರರಲ್ಲಿ ಬಹುಪಾಲು ಜನರಿಗೆ ಇಂತಹ ಕೀ ಬೇಕಾಗಿಯೇ ಇರುವುದಿಲ್ಲ. ಅಂಗಡಿ, ಕಚೇರಿ, ಶಾಲೆ, ಸ್ಟುಡಿಯೊಗಳಿಗಂತೂ ಇದು ಸಲ್ಲದ ವ್ಯವಹಾರ. ಈ ತೀರ್ಮಾನಕ್ಕೆ ಬರುವ ದಾರಿಯನ್ನು ಮುಂದಿನ ಹೆಜ್ಜೆಗಳಲ್ಲಿ ವಿವರಿಸಿದ್ದೇನೆ. ಓದುಗರು ತಮ್ಮ ಕಂಪ್ಯೂಟರನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಪರೀಕ್ಷಿಸಿ, ತಮ್ಮ ಸಂದರ್ಭಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ತಾವೇ ನಿರ್ಧರಿಸಬಹುದು.

ಮೊದಲ ಹೆಜ್ಜೆ: ನಿಮ್ಮ ಬಳಿ ಈಗಾಗಲೇ ಲೈಸೆನ್ಸ್ ಇದೆಯೇ ಎಂದು ನೋಡಿ

ಕೀ ಹುಡುಕಲು ಹೊರಡುವವರಲ್ಲಿ ಅನೇಕರು ಆಗಲೇ ಹಣ ಕೊಟ್ಟಾಗಿರುತ್ತದೆ. ವಿಂಡೋಸ್ 8ರ ಕಾಲದಿಂದ ಈಚೆಗೆ, ವಿಂಡೋಸ್ ಸಮೇತ ಮಾರಾಟವಾದ ಹೆಸರಾಂತ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ (ಅದರ ಚಿಪ್‌ನಲ್ಲಿ ಅಡಗಿರುವ ಮೂಲ ತಂತ್ರಾಂಶದಲ್ಲಿ) ಬರೆದಿಟ್ಟಿರುತ್ತಾರೆ. ಹಾರ್ಡ್ ಡಿಸ್ಕ್ ಕೆಟ್ಟು ಹೊಸ ಎಸ್‌ಎಸ್‌ಡಿ ಹಾಕಿಸಿದರೂ ಆ ಕೀ ಎಲ್ಲಿಗೂ ಹೋಗುವುದಿಲ್ಲ. ಮೈಕ್ರೋಸಾಫ್ಟ್‌ನ ತಾಣದಿಂದ ಉಚಿತವಾಗಿ ಇಳಿಸಿಕೊಂಡ ಇನ್‌ಸ್ಟಾಲರ್ ಅನ್ನು ಪೆನ್ ಡ್ರೈವ್‌ಗೆ ಹಾಕಿ ವಿಂಡೋಸ್ ಅನ್ನು ಮತ್ತೆ ಸ್ಥಾಪಿಸಿದಾಗ, ಅದು ಫರ್ಮ್‌ವೇರ್‌ನಲ್ಲಿರುವ ಕೀಯನ್ನು ತಾನೇ ಓದಿಕೊಂಡು ತಕ್ಕ ಆವೃತ್ತಿಯನ್ನು ಆರಿಸಿಕೊಳ್ಳುತ್ತದೆ. ಇಂಟರ್‌ನೆಟ್ ಸಂಪರ್ಕ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತದೆ. ರಿಪೇರಿ ಅಂಗಡಿಯಲ್ಲಿ ‘ಹೊಸ ಕೀಗೆ ಪ್ರತ್ಯೇಕವಾಗಿ ಇಷ್ಟು’ ಎಂದರೆ, ಹಳೆಯ ಕೀ ಏನಾಯಿತು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಹಳೆಯ ವಿಂಡೋಸ್ 7 ಅಥವಾ 8.1 ಅನ್ನು 2015ರ ಉಚಿತ ಅವಕಾಶದಲ್ಲಿ ವಿಂಡೋಸ್ 10ಕ್ಕೆ ಏರಿಸಿಕೊಂಡವರ ವಿಷಯವೂ ಹೀಗೆಯೇ. ಅಂತಹ ಯಂತ್ರಗಳ ಹಕ್ಕು ‘ಡಿಜಿಟಲ್ ಲೈಸೆನ್ಸ್’ ರೂಪದಲ್ಲಿ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಮರುಸ್ಥಾಪನೆಯ ವೇಳೆ ಕೀ ಕೇಳಿದರೆ ‘ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ’ ಎಂಬ ಆಯ್ಕೆಯನ್ನು ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿದರೆ ಸಾಕು. ವಿಂಡೋಸ್ 10ರಿಂದ 11ಕ್ಕೆ ಹೋಗಲು ಹೊಸ ಕೀಯ ಅಗತ್ಯವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಯಂತ್ರವು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಮಾನ್ಯ ಪ್ರೊಸೆಸರ್‌ನ ಷರತ್ತನ್ನು ಪೂರೈಸಿದರೆ ಬಡ್ತಿ ಉಚಿತ; ಪೂರೈಸದಿದ್ದರೆ ಎಷ್ಟು ಹಣ ಕೊಟ್ಟು ತಂದ ಕೀಯೂ ಆ ಕೊರತೆಯನ್ನು ತುಂಬುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ‘ವಿಂಡೋಸ್ 11 ಅಪ್‌ಗ್ರೇಡ್ ಕೀ’ ಎಂಬ ಹೆಸರಿನಲ್ಲಿ ಬರುವ ಜಾಹೀರಾತುಗಳನ್ನು ನೋಡಿ ಗಾಬರಿಯಾದವರು ಈ ಮಾತನ್ನು ಗಮನಿಸಬೇಕು.

ಆಫೀಸ್ ವಿಷಯದಲ್ಲಿ ಇದಕ್ಕಿಂತಲೂ ದೊಡ್ಡ ನಷ್ಟ ಸದ್ದಿಲ್ಲದೆ ಆಗುತ್ತಿದೆ. ಭಾರತದಲ್ಲಿ ಮಾರಾಟವಾಗುವ ಎಷ್ಟೋ ಲ್ಯಾಪ್‌ಟಾಪ್‌ಗಳ ಪೆಟ್ಟಿಗೆಯ ಮೇಲೆ ಆಫೀಸ್ ಹೋಮ್ (ಹಿಂದಿನ ಆವೃತ್ತಿಗಳಲ್ಲಿ ಹೋಮ್ ಆಂಡ್ ಸ್ಟೂಡೆಂಟ್) ಸೇರಿದೆ ಎಂದು ಬರೆದಿರುತ್ತದೆ. ಅದನ್ನು ಖರೀದಿಸಿದ ಆರಂಭದ ತಿಂಗಳುಗಳಲ್ಲಿಯೇ ವರ್ಡ್ ಅಥವಾ ಎಕ್ಸೆಲ್ ತೆರೆದು, ಸ್ವಂತ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ತಮ್ಮದಾಗಿಸಿಕೊಳ್ಳಬೇಕು. ಹಾಗೆ ಮಾಡದೆ ಗಡುವು ದಾಟಿಸಿದವರು, ಅಥವಾ ಅಂಗಡಿಯ ಹುಡುಗ ತನ್ನದೇ ಯಾವುದೋ ಇಮೇಲ್ ಹಾಕಿ ಸೈನ್ ಇನ್ ಮಾಡಿಕೊಟ್ಟದ್ದನ್ನು ಗಮನಿಸದವರು, ಆಮೇಲೆ ಐನೂರು ರೂಪಾಯಿಯ ಕೀ ಹುಡುಕುತ್ತ ಕೂರುತ್ತಾರೆ. ಹೊಸ ಲ್ಯಾಪ್‌ಟಾಪ್ ತಂದ ದಿನವೇ ನಿಮ್ಮ ಹೆಸರಿನ ಖಾತೆಯಿಂದ ಈ ಕೆಲಸವನ್ನು ಮುಗಿಸಿಕೊಳ್ಳಿ.

ಹಾಗಾದರೆ ನಿಜವಾಗಿ ಲೈಸೆನ್ಸ್ ಇಲ್ಲದವರು ಯಾರು? ಬೆಲೆ ಕಡಿಮೆ ಎಂದು ವಿಂಡೋಸ್ ಬದಲು ‘ಡಾಸ್’ ಅಥವಾ ಉಬುಂಟು ಇರುವ ಲ್ಯಾಪ್‌ಟಾಪ್ ಕೊಂಡವರು, ಮತ್ತು ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಕಡೆ ಬಿಡಿ ಭಾಗಗಳನ್ನು ಕೊಂಡು ಅಸೆಂಬಲ್ ಮಾಡಿಸಿದವರು. ಮುಂದಿನ ಹೆಜ್ಜೆಗಳು ಮುಖ್ಯವಾಗಿ ಇವರಿಗೆ. ಕಚೇರಿಗಳಿಂದ ಹೊರಬಿದ್ದ ಹಳೆಯ ಲ್ಯಾಪ್‌ಟಾಪ್ ಕೊಂಡವರು ಇವರ ಸಾಲಿಗೆ ಸೇರುವುದು ಕಡಿಮೆ, ಏಕೆಂದರೆ ಆ ಯಂತ್ರಗಳ ಫರ್ಮ್‌ವೇರ್‌ನಲ್ಲಿ ಬಹುಮಟ್ಟಿಗೆ ಪ್ರೊ ಕೀಯೇ ಇರುತ್ತದೆ.

ಎರಡನೆಯ ಹೆಜ್ಜೆ: ಕೀಯ ಜಾತಿ ಯಾವುದು ಎಂದು ತಿಳಿಯಿರಿ

ಇಪ್ಪತ್ತೈದು ಅಕ್ಷರ ಮತ್ತು ಅಂಕಿಗಳ ಸಾಲನ್ನು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಅದರ ಹಿಂದಿರುವ ಒಪ್ಪಂದಗಳಲ್ಲಿ ಮೂರು ಬಗೆಗಳಿವೆ, ಮತ್ತು ಅಗ್ಗದ ವ್ಯಾಪಾರವೆಲ್ಲ ಈ ಬಗೆಗಳ ಗೊಂದಲದ ಮೇಲೆಯೇ ನಿಂತಿದೆ.

ರಿಟೇಲ್ ಕೀ ಎಂಬುದು ಬಿಡಿ ಗ್ರಾಹಕರಿಗೆಂದೇ ಮಾರುವಂಥದು. ಹಳೆಯ ಕಂಪ್ಯೂಟರ್‌ನಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳುವ ಸ್ವಾತಂತ್ರ್ಯ ಇದರಲ್ಲಿ ಇರುವುದರಿಂದ ಬೆಲೆ ಹೆಚ್ಚು. ಒಇಎಂ ಕೀ ಎಂಬುದು ಕಂಪ್ಯೂಟರ್ ತಯಾರಕರಿಗೆ ಕೊಡುವಂಥದು. ಅದು ಮೊದಲು ಸೇರಿದ ಯಂತ್ರದೊಂದಿಗೇ ಅದರ ಬಾಳು ಮುಗಿಯುತ್ತದೆ, ಮದರ್‌ಬೋರ್ಡ್ ಬದಲಾದರೆ ಹಕ್ಕು ಸಾಮಾನ್ಯವಾಗಿ ಹೊಸ ಬೋರ್ಡಿಗೆ ಬರುವುದಿಲ್ಲ. ಗುಜರಿಗೆ ಹೋದ ಕಂಪ್ಯೂಟರ್‌ಗಳ ಚೀಟಿಗಳಿಂದ ಬರೆದುಕೊಂಡ ಒಇಎಂ ಕೀಗಳು ಮಾರುಕಟ್ಟೆಯಲ್ಲಿ ಸುತ್ತಾಡುತ್ತಿರುವುದು ಹೊಸ ಸಂಗತಿಯಲ್ಲ.

ಮೂರನೆಯದು ವಾಲ್ಯೂಮ್ ಲೈಸೆನ್ಸ್. ಐನೂರು ರೂಪಾಯಿಯ ಗುಟ್ಟು ಹೆಚ್ಚಾಗಿ ಅಡಗಿರುವುದು ಇದರಲ್ಲಿ. ನೂರಾರು ಕಂಪ್ಯೂಟರ್‌ಗಳಿರುವ ಸಂಸ್ಥೆಯೊಂದು ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಾಗ, ಅದಕ್ಕೆ ಹಲವು ಯಂತ್ರಗಳಲ್ಲಿ ನಡೆಯುವ ಒಂದೇ ಕೀ ಸಿಗುತ್ತದೆ; ಅದಕ್ಕೆ ಮ್ಯಾಕ್ (ಎಂಎಕೆ; ಆಪಲ್‌ನ ಕಂಪ್ಯೂಟರ್ ಅಲ್ಲ) ಎನ್ನುತ್ತಾರೆ, ಅದಕ್ಕೊಂದು ಎಣಿಕೆಯ ಮಿತಿ ಇರುತ್ತದೆ. ಇನ್ನೊಂದು ಪದ್ಧತಿಗೆ ಕೆಎಂಎಸ್ ಎಂದು ಹೆಸರು. ಅದರಲ್ಲಿ ಸಂಸ್ಥೆಯ ಒಳಗಿನ ಒಂದು ಸರ್ವರ್ ಉಳಿದ ಯಂತ್ರಗಳಿಗೆ 180 ದಿನಗಳ ಅವಧಿಗೆ ಒಪ್ಪಿಗೆ ಕೊಡುತ್ತ, ಆ ಅವಧಿಯನ್ನು ಆಗಾಗ ನವೀಕರಿಸುತ್ತಿರುತ್ತದೆ. ಸಂಸ್ಥೆಯ ಯಾರೋ ಒಬ್ಬರು ಮ್ಯಾಕ್ ಕೀಯನ್ನು ಹೊರಗೆ ಬಿಟ್ಟರೆ, ಅದನ್ನು ಹಿಡಿದ ಮಾರಾಟಗಾರನು ಎಣಿಕೆ ತೀರುವವರೆಗೆ ಒಬ್ಬೊಬ್ಬರಿಗೂ ಒಂದೊಂದು ಪ್ರತಿಯಂತೆ ಮಾರುತ್ತ ಹೋಗುತ್ತಾನೆ. ಅವನಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಐನೂರರಲ್ಲಿ ಬಹುಪಾಲು ಲಾಭವೇ. ಡೆವಲಪರ್‌ಗಳ ಮತ್ತು ವಿದ್ಯಾರ್ಥಿಗಳ ಚಂದಾ ಯೋಜನೆಗಳಿಂದ ಜಾರಿದ ಕೀಗಳು ಇದೇ ಗುಂಪಿಗೆ ಬರುತ್ತವೆ. ಪರೀಕ್ಷೆಗೆ, ಕಲಿಕೆಗೆ ಎಂದು ಒಬ್ಬರ ಹೆಸರಿಗೆ ಕೊಟ್ಟದ್ದನ್ನು ಮಾರುವ ಅಧಿಕಾರ ಅವರಿಗೆ ಇರುವುದಿಲ್ಲ.

ಕದ್ದ ಕ್ರೆಡಿಟ್ ಕಾರ್ಡ್‌ನಿಂದ ಕೊಂಡು ಮರುಮಾರಾಟ ಮಾಡುವ ನಾಲ್ಕನೆಯ ಮೂಲವೂ ಇದೆ. ಕಾರ್ಡಿನ ಒಡೆಯರು ದೂರು ಕೊಟ್ಟಾಗ ಬ್ಯಾಂಕು ಹಣವನ್ನು ತಯಾರಕರಿಂದ ಹಿಂದಕ್ಕೆ ಪಡೆಯುತ್ತದೆ, ಆದ್ದರಿಂದ ನಷ್ಟ ತಂತ್ರಾಂಶ ಬರೆದವರ ಪಾಲಿಗೆ ಬೀಳುತ್ತದೆ. ಆಟಗಳ ಲೋಕದಲ್ಲಿ ಇದು ಬಯಲಿಗೆ ಬಂದ ಒಂದು ಪ್ರಕರಣವನ್ನು ನೆನೆಯಬಹುದು. ಜಿಟುಎ ಎಂಬ ಕೀ ಮಾರುಕಟ್ಟೆಯು ‘ಫ್ಯಾಕ್ಟೋರಿಯೊ’ ಆಟದ 198 ಅಕ್ರಮ ಕೀಗಳು ತನ್ನಲ್ಲಿ ಮಾರಾಟವಾಗಿದ್ದವೆಂದು 2020ರಲ್ಲಿ ಒಪ್ಪಿಕೊಂಡು, ಅದನ್ನು ತಯಾರಿಸಿದ ಚೆಕ್ ದೇಶದ ವೂಬ್ ಸಂಸ್ಥೆಗೆ ಸುಮಾರು 39,600 ಡಾಲರ್ ಪರಿಹಾರ ಕೊಟ್ಟಿತು. ಒಂದು ಸಣ್ಣ ತಂಡ ಪಟ್ಟು ಹಿಡಿದು ಕೇಳಿದ್ದರಿಂದ ಅಷ್ಟಾದರೂ ಹೊರಬಂತು.

ಅಗ್ಗವಾದ ಮಾತ್ರಕ್ಕೆ ಎಲ್ಲವೂ ಕಳ್ಳಮಾಲು ಎಂದು ತಿಳಿಯಬಾರದು. ಆಂಟಿವೈರಸ್ ಕಂಪನಿಗಳ ಪೆಟ್ಟಿಗೆಗಳು ನಮ್ಮ ಅಂಗಡಿಗಳಲ್ಲಿ ಮುದ್ರಿತ ಬೆಲೆಗಿಂತ ಬಹಳ ಕಡಿಮೆಗೆ, ಕಂಪನಿಯ ಒಪ್ಪಿಗೆಯಿಂದಲೇ ಮಾರಾಟವಾಗುತ್ತವೆ. ಮೈಕ್ರೋಸಾಫ್ಟ್ 365ರ ವಾರ್ಷಿಕ ಚಂದಾ ಹಬ್ಬದ ಮಾರಾಟದಲ್ಲಿ ರಿಯಾಯಿತಿಗೆ ಸಿಗುವುದುಂಟು. ಆ ಬಗೆಯ ಲೈಸೆನ್ಸನ್ನು ಬಿಡಿ ಗ್ರಾಹಕರಿಗೆ ಮಾರಲು ತಯಾರಕರು ಒಪ್ಪಿದ್ದಾರೆಯೇ ಎಂಬುದೇ ಇಲ್ಲಿ ಅಳತೆಗೋಲು. ಬೆಲೆಯು ಅನುಮಾನವನ್ನು ಹುಟ್ಟಿಸುತ್ತದೆ, ತೀರ್ಪನ್ನು ಕೊಡುವುದಿಲ್ಲ.

ಮೂರನೆಯ ಹೆಜ್ಜೆ: ಜಾಹೀರಾತಿನ ಸಾಲುಗಳನ್ನು ನಿಧಾನವಾಗಿ ಓದಿ

ಮಾರಾಟದ ಪುಟದಲ್ಲಿಯೇ ಸಾಕಷ್ಟು ಸುಳಿವುಗಳಿರುತ್ತವೆ. ‘ಆಫೀಸ್ 2021 ಪ್ರೊಫೆಷನಲ್ ಪ್ಲಸ್, ಲೈಫ್‌ಟೈಮ್’ ಎಂಬ ಸಾಲನ್ನೇ ತೆಗೆದುಕೊಳ್ಳಿ. ‘ಪ್ಲಸ್’ ಎಂಬ ಆವೃತ್ತಿಯನ್ನು ಮೈಕ್ರೋಸಾಫ್ಟ್ ಬಿಡಿ ಗ್ರಾಹಕರ ಅಂಗಡಿಗಳಲ್ಲಿ ಇಡುವುದಿಲ್ಲ. ಅದು ಸಂಸ್ಥೆಗಳ ವಾಲ್ಯೂಮ್ ಒಪ್ಪಂದದ ಸರಕು. ಮನೆಯ ಬಳಕೆಗೆಂದು ‘ಪ್ಲಸ್’ ಕೀ ಮಾರುವವನು ತನ್ನ ಕೀಯ ಮೂಲವನ್ನು ಶೀರ್ಷಿಕೆಯಲ್ಲಿಯೇ ಹೇಳಿಕೊಂಡಂತಾಯಿತು. ‘ವಿಂಡೋಸ್ ಎಂಟರ್‌ಪ್ರೈಸ್’ ಎಂಬುದಕ್ಕೂ ಇದೇ ಮಾತು. ‘ಲೈಫ್‌ಟೈಮ್’ ಎಂಬುದನ್ನು ಓದುವಾಗ ದಿನಾಂಕಗಳೂ ನೆನಪಿರಲಿ: ಆಫೀಸ್ 2016 ಮತ್ತು 2019ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು, ಆಫೀಸ್ 2021ರದು 2026ರ ಅಕ್ಟೋಬರ್ 13ಕ್ಕೆ ಎಂದು ನಿಗದಿಯಾಗಿದೆ, ಆಫೀಸ್ 2024ರದು 2029ರ ಅಕ್ಟೋಬರ್ ತನಕ. ಭದ್ರತಾ ಪರಿಷ್ಕರಣೆ ನಿಂತ ತಂತ್ರಾಂಶದ ‘ಲೈಫ್‌ಟೈಮ್’ ಕೀಯನ್ನು ಇಂದು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಹಣ ಕೊಟ್ಟ ಮೇಲೆ ಬರುವ ಸೂಚನೆಗಳು ಇನ್ನೂ ಸ್ಪಷ್ಟವಾಗಿರುತ್ತವೆ. ‘ಆನ್‌ಲೈನ್ ಆಕ್ಟಿವೇಷನ್ ಆಗದಿದ್ದರೆ ಫೋನ್ ಆಕ್ಟಿವೇಷನ್ ಆರಿಸಿ, ಪರದೆಯ ಮೇಲೆ ಬರುವ ಸಂಖ್ಯೆಯ ಫೋಟೊವನ್ನು ನಮಗೆ ವಾಟ್ಸಾಪ್ ಮಾಡಿ’ ಎಂದು ಬರೆದಿರುತ್ತಾರೆ. ಆ ಸಂಖ್ಯೆಯಲ್ಲಿ ಏಳೇಳು ಅಂಕಿಗಳ ಒಂಬತ್ತು ಗುಂಪುಗಳು, ಒಟ್ಟು 63 ಅಂಕಿಗಳಿರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಮಾರಾಟಗಾರನಿಂದ ಆರಾರು ಅಂಕಿಗಳ ಎಂಟು ಗುಂಪು ಉತ್ತರವಾಗಿ ಬರುತ್ತದೆ. ಅದನ್ನು ತುಂಬಿದರೆ ಕೆಲಸ ಆಗಲೂಬಹುದು. ಈ ಸುತ್ತು ಬಳಸು ದಾರಿಯನ್ನು ಮೊದಲೇ ಹೇಳಿಕೊಡುವ ಮಾರಾಟಗಾರನ ಕೀ ಬಹುಮಟ್ಟಿಗೆ ಆನ್‌ಲೈನ್ ಎಣಿಕೆ ತೀರಿಹೋದ ಕೀ. ಅದು ನಿಮಗಿಂತ ಮೊದಲೇ ಬಹಳ ಕೈಗಳನ್ನು ದಾಟಿ ಬಂದಿದೆ.

‘ಈ ಫೈಲನ್ನು ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ, ಅದಕ್ಕೆ ಮೊದಲು ಡಿಫೆಂಡರ್ ಆಫ್ ಮಾಡಿ’ ಎಂಬ ಸೂಚನೆ (ಡಿಫೆಂಡರ್ ಎಂದರೆ ವಿಂಡೋಸ್‌ನ ಸ್ವಂತ ಆಂಟಿವೈರಸ್) ಬಂದರೆ ಅಲ್ಲಿಗೇ ನಿಲ್ಲಿಸಿಬಿಡಿ. ಅದು ಕೀ ಮಾರಾಟವೇ ಅಲ್ಲ, ಸುಳ್ಳು ಕೆಎಂಎಸ್ ಸರ್ವರ್ ಒಂದನ್ನು ನಿಮ್ಮ ಯಂತ್ರದಲ್ಲಿ ಕೂರಿಸುವ ಕೆಲಸ. ಇಂತಹ ಉಪಕರಣಗಳಲ್ಲಿ ಹೆಸರಾದ ಕೆಎಂಎಸ್‌ಪಿಕೊ ಎಂಬುದರ ಇನ್‌ಸ್ಟಾಲರ್ ಜೊತೆಗೆ ಪಾಸ್‌ವರ್ಡ್ ಮತ್ತು ಕ್ರಿಪ್ಟೊ ವ್ಯಾಲೆಟ್ ಮಾಹಿತಿಯನ್ನು ಕದಿಯುವ ಕ್ರಿಪ್ಟ್‌ಬಾಟ್ ಎಂಬ ಮಾಲ್‌ವೇರ್ ಹರಡುತ್ತಿದ್ದುದನ್ನು ಭದ್ರತಾ ಸಂಸ್ಥೆ ರೆಡ್ ಕ್ಯಾನರಿ 2021ರ ಡಿಸೆಂಬರ್‌ನಲ್ಲಿ ವರದಿ ಮಾಡಿತ್ತು. ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರ್‌ನಲ್ಲಿ ಇಷ್ಟು ದೊಡ್ಡ ಅಪಾಯವನ್ನು ತಲೆಯ ಮೇಲೆ ಎಳೆದುಕೊಳ್ಳಬಾರದು.

ಎಲ್ಲಕ್ಕಿಂತ ಕೆಟ್ಟದ್ದು ‘ಆಫೀಸ್ 365 ಲೈಫ್‌ಟೈಮ್ ಖಾತೆ, ಐದು ಸಾಧನಗಳಿಗೆ’ ಎಂಬ ಸರಕು. ಮೈಕ್ರೋಸಾಫ್ಟ್ 365 ಎಂಬುದು ಚಂದಾ. ಅದಕ್ಕೆ ಲೈಫ್‌ಟೈಮ್ ಎಂಬುದಿಲ್ಲ. ಇದರಲ್ಲಿ ಕೀ ಬರುವುದಿಲ್ಲ, ಯಾವುದೋ ಸಂಸ್ಥೆಯ ಅಥವಾ ಕಾಲೇಜಿನ ಹೆಸರಿನಡಿ ಸೃಷ್ಟಿಸಿದ ಇಮೇಲ್ ಮತ್ತು ಪಾಸ್‌ವರ್ಡ್ ಬರುತ್ತದೆ. ಆ ಖಾತೆಯ ಆಡಳಿತ ಮಾರಾಟಗಾರನ ಕೈಯಲ್ಲಿಯೋ ಇನ್ಯಾರದೋ ಕೈಯಲ್ಲಿಯೋ ಇರುತ್ತದೆ. ಅವರು ಪಾಸ್‌ವರ್ಡ್ ಬದಲಿಸಬಹುದು, ಒನ್‌ಡ್ರೈವ್‌ನಲ್ಲಿ ನೀವಿಟ್ಟ ಮಕ್ಕಳ ಫೋಟೊ, ಆಧಾರ್ ಪ್ರತಿ, ಜಮೀನಿನ ಕಾಗದಗಳನ್ನು ತೆರೆದು ನೋಡಬಹುದು, ಒಂದು ದಿನ ಖಾತೆಯನ್ನೇ ಅಳಿಸಬಹುದು. ನೂರು ರೂಪಾಯಿಗೆ ಕೊಟ್ಟರೂ ಇದು ಬೇಡ, ಉಚಿತವಾಗಿ ಕೊಟ್ಟರೂ ಬೇಡ.

ನಾಲ್ಕನೆಯ ಹೆಜ್ಜೆ: ಮಾರಾಟಗಾರನನ್ನು ಮೂರು ಪ್ರಶ್ನೆ ಕೇಳಿ

ಇದು ಯಾವ ಬಗೆಯ ಲೈಸೆನ್ಸ್? ನನ್ನ ಹೆಸರಿಗೆ ಜಿಎಸ್‌ಟಿ ಬಿಲ್ ಕೊಡುತ್ತೀರಾ? ಆರು ತಿಂಗಳ ನಂತರ ನಿಷ್ಕ್ರಿಯವಾದರೆ ಹಣ ಹಿಂದಿರುಗಿಸುತ್ತೀರಾ? ಈ ಮೂರಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ. ಬಿಲ್‌ನಲ್ಲಿ ಹದಿನೈದು ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆ ಇರಬೇಕು, ಕರ್ನಾಟಕದಲ್ಲಿ ನೋಂದಾಯಿಸಿದವರದಾದರೆ ಅದು 29ರಿಂದ ಆರಂಭವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ ಆ ಸಂಖ್ಯೆಯನ್ನು ಹುಡುಕಿ ವ್ಯಾಪಾರದ ಹೆಸರು ಹೊಂದುತ್ತದೆಯೇ ಎಂದು ನೋಡಬಹುದು. ಹೆಸರಾಂತ ಆನ್‌ಲೈನ್ ಮಳಿಗೆಯಲ್ಲಿ ಕೊಂಡೆವೆಂಬುದು ಇಲ್ಲಿ ಸಾಲದು, ಏಕೆಂದರೆ ಅಲ್ಲಿ ಮಾರುವವರು ಬೇರೆ ಬೇರೆ ವ್ಯಾಪಾರಿಗಳು. ‘ಸೋಲ್ಡ್ ಬೈ’ ಎಂಬ ಸಾಲನ್ನು ಒತ್ತಿ ಆ ವ್ಯಾಪಾರಿ ಬೇರೇನು ಮಾರುತ್ತಾನೆ ಎಂದು ನೋಡುವುದು ಲೇಸು. ‘ಕೀ ಸಿಕ್ಕಿತು, ತಕ್ಷಣ ಆಕ್ಟಿವೇಟ್ ಆಯಿತು’ ಎಂಬ ವಿಮರ್ಶೆಗಳು ಮೊದಲ ದಿನವೇ ಬರೆದವು. ವರ್ಷದ ನಂತರ ಏನಾಯಿತು ಎಂಬುದನ್ನು ಅವು ಹೇಳುವುದಿಲ್ಲ.

ಕೆಲವು ಮಾರಾಟಗಾರರು ‘ಯುರೋಪಿನ ನ್ಯಾಯಾಲಯ ಇದನ್ನು ಒಪ್ಪಿದೆ’ ಎಂದು ಸಮರ್ಥಿಸಿಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಐರೋಪ್ಯ ಒಕ್ಕೂಟದ ನ್ಯಾಯಾಲಯವು ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ವ್ಯಾಜ್ಯದಲ್ಲಿ, 2012ರ ಜುಲೈ 3ರಂದು, ಶಾಶ್ವತ ಲೈಸೆನ್ಸನ್ನು ಮರುಮಾರಾಟ ಮಾಡಬಹುದೆಂದು ಹೇಳಿದ್ದು ನಿಜ. ಆದರೆ ಮಾರುವವನು ತನ್ನ ಪ್ರತಿಯನ್ನು ನಿರುಪಯುಕ್ತಗೊಳಿಸಲೇಬೇಕು ಎಂಬ ಷರತ್ತು ಅದರಲ್ಲಿತ್ತು. ಜರ್ಮನಿಯಂತಹ ದೇಶಗಳಲ್ಲಿರುವ ಕನ್ನಡಿಗರು ಹಳೆಯ ಲೈಸೆನ್ಸ್ ಕೊಳ್ಳುವುದಾದರೆ, ಮೊದಲ ಒಡೆಯರಿಂದ ತಮ್ಮವರೆಗಿನ ದಾಖಲೆಗಳನ್ನು ಕೊಡುವ ವ್ಯಾಪಾರಿಯನ್ನೇ ಆರಿಸಬೇಕು. ಆ ತೀರ್ಪು ಭಾರತದಲ್ಲಿ ಅನ್ವಯಿಸುವುದಿಲ್ಲ.

ಐದನೆಯ ಹೆಜ್ಜೆ: ವ್ಯಾಪಾರಕ್ಕೆ ಬಳಸುವವರು ಕಾನೂನನ್ನು ನೋಡಿ

ತಂತ್ರಾಂಶವನ್ನು ಕೊಂಡಾಗ ನಮಗೆ ದಕ್ಕುವುದು ಒಪ್ಪಂದದ ಮಿತಿಯೊಳಗಿನ ಬಳಕೆಯ ಹಕ್ಕು ಮಾತ್ರ. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಕಂಪನಿಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಕರ್ನಾಟಕ ಹೈಕೋರ್ಟಿನ ನಿಲುವನ್ನು ತಳ್ಳಿಹಾಕಿ ತೀರ್ಪು ಕೊಟ್ಟಾಗ, ಬಳಕೆದಾರನಿಗೆ ಹಕ್ಕುಸ್ವಾಮ್ಯದಲ್ಲಿ ಪಾಲು ಸಿಗುವುದಿಲ್ಲ, ಸೀಮಿತ ಬಳಕೆಯ ಅನುಮತಿ ಮಾತ್ರ ಸಿಗುತ್ತದೆ ಎಂಬ ಈ ವಿವೇಚನೆಯೇ ತಿರುಳಾಗಿತ್ತು. ಅನುಮತಿಯ ಮೂಲವೇ ಇಲ್ಲದ ಕೀಗೆ ಬೆಲೆ ಬರುವುದು ಎಲ್ಲಿಂದ?

1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮು, ಉಲ್ಲಂಘನೆಯ ಪ್ರತಿ ಎಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಮನ್ನು ಬಳಸುವವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡವನ್ನೂ ಹೇಳುತ್ತದೆ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲವೆಂದಾದರೆ ನ್ಯಾಯಾಲಯ ಸೆರೆವಾಸ ವಿಧಿಸದೆ, ಐವತ್ತು ಸಾವಿರದವರೆಗಿನ ದಂಡಕ್ಕೆ ನಿಲ್ಲಿಸಬಹುದು ಎಂಬ ರಿಯಾಯಿತಿಯೂ ಅದರಲ್ಲಿದೆ. ಡಿಟಿಪಿ ಕೇಂದ್ರ, ಫೋಟೊ ಸ್ಟುಡಿಯೊ, ಲೆಕ್ಕಪರಿಶೋಧಕರ ಕಚೇರಿ, ಟ್ಯೂಷನ್ ಕೇಂದ್ರಗಳಿಗೆ ಆ ರಿಯಾಯಿತಿ ಸಿಗುವುದು ಕಷ್ಟ. ‘ಗೊತ್ತಿರಲಿಲ್ಲ’ ಎಂಬ ವಾದವು ಹತ್ತು ಸಾವಿರದ ವಸ್ತುವನ್ನು ಬಿಲ್ ಇಲ್ಲದೆ ಐನೂರಕ್ಕೆ ಕೊಂಡವರ ಬಾಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ವ್ಯಾಪಾರಿಗಳು ಬೆಲೆಯ ಲೆಕ್ಕವನ್ನೂ ಬೇರೆ ರೀತಿ ಹಾಕಬೇಕು. ನೋಂದಾಯಿತ ವ್ಯಾಪಾರಿಯು ನೇರವಾಗಿ ಕೊಂಡ ತಂತ್ರಾಂಶದ ಬಿಲ್‌ನಲ್ಲಿರುವ ಶೇಕಡಾ 18ರ ಜಿಎಸ್‌ಟಿಯನ್ನು ನಿಯಮದಂತೆ ಹೂಡುವಳಿ ತೆರಿಗೆಯಾಗಿ ಹಿಂದಕ್ಕೆ ಪಡೆಯಬಹುದು. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್ ಮತ್ತು ಅದರ ತಂತ್ರಾಂಶಕ್ಕೆ ಶೇಕಡಾ 40ರ ಸವಕಳಿ ಸಿಗುತ್ತದೆ. ಬಿಲ್ ಇಲ್ಲದ ಕೀಗೆ ಇವೆರಡೂ ಇಲ್ಲ. ಇವನ್ನು ಸೇರಿಸಿ ಎಣಿಸಿದಾಗ ಅಂತರವು ಮೊದಲು ಕಂಡಷ್ಟು ದೊಡ್ಡದಾಗಿ ಉಳಿಯುವುದಿಲ್ಲ.

ಆರನೆಯ ಹೆಜ್ಜೆ: ಬೇರೆ ದಾರಿಗಳನ್ನು ತೂಗಿ ನೋಡಿ

ವಿಂಡೋಸ್ ಅನ್ನು ಆಕ್ಟಿವೇಟ್ ಮಾಡದಿದ್ದರೆ ಮೂಲೆಯಲ್ಲಿ ನೆನಪೋಲೆ ಕಾಣಿಸುತ್ತದೆ, ಸೆಟ್ಟಿಂಗ್ಸ್ ಮೂಲಕ ಹಿನ್ನೆಲೆ ಚಿತ್ರ ಮತ್ತು ಬಣ್ಣಗಳನ್ನು ಬದಲಿಸಲಾಗದು, ಆದರೆ ಭದ್ರತಾ ಪರಿಷ್ಕರಣೆಗಳು ಬರುತ್ತಲೇ ಇರುತ್ತವೆ. ಇದು ಒಪ್ಪಂದ ಕೊಟ್ಟ ಶಾಶ್ವತ ಅನುಮತಿಯಲ್ಲ. ಹೊಸ ಕಂಪ್ಯೂಟರ್ ಕಟ್ಟಿಸಿ ಲೈಸೆನ್ಸ್‌ಗೆ ಹಣ ಹೊಂದಿಸುತ್ತಿರುವವರು ಅವಸರದಲ್ಲಿ ಸಿಕ್ಕ ಕೀ ಹಾಕುವ ಬದಲು ಕೆಲವು ವಾರ ಕಾಯಬಹುದು ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಹೋಮ್ ಸಾಕೇ, ಪ್ರೊ ಬೇಕೇ ಎಂಬುದನ್ನೂ ಆಗ ಯೋಚಿಸಿ. ಪ್ರೊನಲ್ಲಿ ಹೆಚ್ಚುವರಿಯಾಗಿ ಸಿಗುವ ರಿಮೋಟ್ ಡೆಸ್ಕ್‌ಟಾಪ್, ಗ್ರೂಪ್ ಪಾಲಿಸಿ, ಕಚೇರಿಯ ಡೊಮೇನ್ ಸೇರುವ ಸೌಲಭ್ಯಗಳನ್ನು ಮನೆಯಲ್ಲಿ ಬಳಸುವವರು ವಿರಳ.

ಕೇವಲ ಪತ್ರ, ಲೆಕ್ಕ, ಮಕ್ಕಳ ಪ್ರಾಜೆಕ್ಟ್‌ಗಳಿಗೆ ಆಫೀಸ್ ಬೇಕಾದವರಿಗೆ ಬ್ರೌಸರ್‌ನಲ್ಲಿ ನಡೆಯುವ ವರ್ಡ್ ಮತ್ತು ಎಕ್ಸೆಲ್ ಉಚಿತ, ಅದರ ಜೊತೆ 5 ಜಿಬಿ ಒನ್‌ಡ್ರೈವ್ ಜಾಗವೂ ಸಿಗುತ್ತದೆ. ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಅನ್ನು ನಾನು ಒತ್ತಿ ಶಿಫಾರಸು ಮಾಡುತ್ತೇನೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ, ಅದರ ಮೆನುಗಳೂ ಕನ್ನಡದಲ್ಲಿ ಲಭ್ಯ. ಕೋಷ್ಟಕಗಳು ತುಂಬಿದ ಸರ್ಕಾರಿ ನಮೂನೆಗಳನ್ನು ವರ್ಡ್ ಬಳಸುವವರೊಂದಿಗೆ ಹಿಂದೆ ಮುಂದೆ ಕಳುಹಿಸುವಾಗ ಸಾಲುಗಳು ಸರಿದಾಡುವುದುಂಟು. ಆದ್ದರಿಂದ ನಿಮ್ಮ ನಿತ್ಯದ ಕಡತವೊಂದನ್ನು ಅದರಲ್ಲಿ ತೆರೆದು, ಮುದ್ರಿಸಿ ನೋಡಿಯೇ ನಿರ್ಧರಿಸಿ. ವರ್ಡ್ ಬೇಕೇಬೇಕು ಎನ್ನುವ ಕುಟುಂಬಗಳು ಮೈಕ್ರೋಸಾಫ್ಟ್ 365 ಫ್ಯಾಮಿಲಿಯನ್ನು ಆರು ಮಂದಿಯವರೆಗೆ ನ್ಯಾಯವಾಗಿ ಹಂಚಿಕೊಳ್ಳಬಹುದು, ಒಬ್ಬೊಬ್ಬರಿಗೂ 1 ಟಿಬಿ ಜಾಗ ಪ್ರತ್ಯೇಕವಾಗಿರುತ್ತದೆ. ಆರರಿಂದ ಭಾಗಿಸಿದರೆ ಅದರ ಬೆಲೆ ತಾನಾಗಿ ಇಳಿಯುತ್ತದೆ. ಕಾಲೇಜು ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಇಮೇಲ್‌ಗೆ ಉಚಿತ ಆಫೀಸ್ ಇದೆಯೇ ಎಂದು ಮೊದಲು ವಿಚಾರಿಸಬೇಕು.

ವಿಂಡೋಸ್ 11 ಒಪ್ಪದ ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿದರೆ ಲೈಸೆನ್ಸಿನ ಮಾತೇ ಬರುವುದಿಲ್ಲ.

ಏಳನೆಯ ಹೆಜ್ಜೆ: ಈಗಾಗಲೇ ಕೊಂಡಿದ್ದರೆ ಏನು ಮಾಡಬೇಕು

ಮೊದಲು ನಿಮ್ಮಲ್ಲಿರುವುದು ಏನೆಂದು ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರಗಳನ್ನು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಮುಂದಕ್ಕೆ ಬಾಗಿದ ಓರೆಗೆರೆ ಹಾಕಿ, ಡಿ, ಎಲ್, ಐ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಸಣ್ಣ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರ ‘ಡಿಸ್ಕ್ರಿಪ್ಷನ್’ ಸಾಲಿನ ಕೊನೆಯಲ್ಲಿ ‘ರಿಟೇಲ್ ಚಾನೆಲ್’, ‘ಒಇಎಂ’, ‘ವಾಲ್ಯೂಮ್ ಮ್ಯಾಕ್’ ಅಥವಾ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಇರುತ್ತದೆ. ಕೊನೆಯದಾಗಿದ್ದರೆ ಕೆಳಗೆ 2,59,200 ನಿಮಿಷ, ಅಂದರೆ 180 ದಿನ, ಎಂಬ ಗಡುವೋ ಅದರಲ್ಲಿ ಉಳಿದಷ್ಟೋ ಕಾಣುತ್ತದೆ. ‘ಲೈಫ್‌ಟೈಮ್’ ಎಂದು ಮಾರಿದ್ದು ಅರ್ಧ ವರ್ಷದ್ದು ಎಂಬುದಕ್ಕೆ ಆ ಕಿಟಕಿಯ ಚಿತ್ರವೇ ಸಾಕ್ಷಿ. ಡಿ, ಎಲ್, ಐ ಬದಲು ಎಕ್ಸ್, ಪಿ, ಆರ್ ಬರೆದಾಗ ‘ಶಾಶ್ವತವಾಗಿ ಆಕ್ಟಿವೇಟ್ ಆಗಿದೆ’ ಎಂಬ ಅರ್ಥದ ಸಂದೇಶ ಬಂದರೂ ನೆಮ್ಮದಿ ಬೇಡ, ಮ್ಯಾಕ್ ಕೀಗೂ ಅದೇ ಸಂದೇಶ ಬರುತ್ತದೆ. ‘ರಿಟೇಲ್’ ಎಂದಿದ್ದರೂ ಡೆವಲಪರ್ ಚಂದಾದಿಂದ ಜಾರಿದ ಕೀ ಆಗಿರಬಹುದಾದ್ದರಿಂದ ಬಿಲ್ ಇಲ್ಲದೆ ಮಾತು ಮುಗಿಯುವುದಿಲ್ಲ.

ಹೇಳಿದ್ದೇ ಒಂದು, ಕೊಟ್ಟದ್ದೇ ಒಂದು ಎಂದಾದರೆ ಆ ಚಿತ್ರ, ಜಾಹೀರಾತಿನ ಪುಟ, ಪಾವತಿಯ ರಸೀದಿ, ವಾಟ್ಸಾಪ್ ಸಂಭಾಷಣೆ ಇಷ್ಟನ್ನೂ ಉಳಿಸಿಕೊಂಡು ಮಾರಾಟ ನಡೆದ ವೇದಿಕೆಗೆ ಬರೆಯಿರಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ವೇದಿಕೆಯ ದೂರು ಅಧಿಕಾರಿಯು 48 ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಫಲ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಹಣ ಪಡೆದು ಕೀಯನ್ನೇ ಕೊಡದೆ ನಾಪತ್ತೆಯಾದವರ ವಿಷಯ ಬೇರೆ, ಅದಕ್ಕೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮಾರಾಟಗಾರ ಕಳುಹಿಸಿದ ಫೈಲನ್ನು ರನ್ ಮಾಡಿದ್ದರೆ ಕೀ ತೆಗೆದರೆ ಸಾಲದು. ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಡ್ರೈವನ್ನು ಅಳಿಸಿ ವಿಂಡೋಸ್ ಅನ್ನು ಹೊಸದಾಗಿ ಸ್ಥಾಪಿಸಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಇನ್ನೊಂದು ಸಾಧನದಿಂದ ಬದಲಿಸಿ. ಹಂಚಿದ 365 ಖಾತೆಯನ್ನು ಬಳಸುತ್ತಿದ್ದವರು ಮೊದಲು ಒನ್‌ಡ್ರೈವ್‌ನಲ್ಲಿರುವ ಪ್ರತಿಯೊಂದನ್ನೂ ತಮ್ಮ ಡಿಸ್ಕಿಗೆ ಇಳಿಸಿಕೊಂಡು, ಅವು ತೆರೆಯುತ್ತವೆಯೇ ಎಂದು ನೋಡಬೇಕು. ಆಮೇಲೆ ಆನ್‌ಲೈನ್ ಪ್ರತಿಗಳನ್ನು ಅಳಿಸಿ, ಮರುಬಳಕೆ ಬುಟ್ಟಿಯನ್ನೂ ಖಾಲಿ ಮಾಡಬೇಕು. ಆಫೀಸ್‌ನ ಒಳಗೆ ಸೈನ್ ಔಟ್ ಆದ ಮೇಲೂ ವಿಂಡೋಸ್ ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ವಿಭಾಗದಲ್ಲಿ, ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ ಎಂಬಲ್ಲಿ ಆ ಅಪರಿಚಿತ ಸಂಸ್ಥೆಯ ಹೆಸರು ಉಳಿದಿರಬಹುದು. ಅದನ್ನು ಆರಿಸಿ ‘ಡಿಸ್‌ಕನೆಕ್ಟ್’ ಒತ್ತದ ಹೊರತು ನಿಮ್ಮ ಕಂಪ್ಯೂಟರ್ ಆ ಸಂಸ್ಥೆಯ ಸಾಧನಗಳ ಪಟ್ಟಿಯಲ್ಲಿಯೇ ಇರುತ್ತದೆ.